ಸೂಜಿಯ ಮೊನೆ

ಕೋಲು ಕೂಗಲಿಲ್ಲ. ಎಳೆಮಕ್ಕಳ ಅಂಗಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಬಿಡಿಸಿ, ಮಗುಚಿ, ಪುಟಾಣಿ ತೋಳುಗಳನ್ನು ಎಳೆದು ಹರಡಿ, ಇಸ್ತ್ರಿ ಮಾಡುವವರ ಹಾಗೆ ಕೋಲನ್ನು ಮೆಲ್ಲಗೆ ಆಡಿಸಿ ಮುಗಿಸುವಷ್ಟರಲ್ಲಿ ಅವಳ ಸೊಂಟ ಬಿದ್ದುಹೋಗಿತ್ತು. ಆದರೂ ಕೂಗಲಿಲ್ಲವಲ್ಲ ಎಂಬ ನೆಮ್ಮದಿಯಲ್ಲಿ ಆ ನೋವು ದೊಡ್ಡದೆನಿಸಿರಲಿಲ್ಲ. "ಇಲ್ಲ ಸರ್" ಎಂದಿದ್ದಳು. ಆ ಗಾರ್ಮೆಂಟ್ಸಿನಲ್ಲಿ ಅವಳು ಇಲ್ಲ ಅಂದರೆ ಇಲ್ಲ. ಹೊಲಿದ ಬಟ್ಟೆಯೊಳಗೆ ಲೋಹದ ಚೂರೇನಾದರೂ ಉಳಿದಿದೆಯೇ ಎಂದು ಹೇಳುವುದು ಆ ಮೊಳದುದ್ದದ ಮೆಟಲ್ ಡಿಟೆಕ್ಟರು. ಅದನ್ನು ಹಿಡಿಯುವ ಅಧಿಕಾರ ಅವಳೊಬ್ಬಳದು. ಹೊಲಿಗೆಯ ಹೆಂಗಸರ ಬಾಯಲ್ಲಿ ಅದು ಕೋಲು, ಇವಳು ಕೋಲಕ್ಕ. ಮ್ಯಾನೇಜರು ಚಪ್ಪಾಳೆ ತಟ್ಟಿ "ತುಂಬ್ರಪ್ಪಾ, ತುಂಬ್ರಿ" ಎಂದದ್ದೇ ತಡ, ಪ್ಯಾಕಿಂಗಿನವರು ರಟ್ಟಿನ ಪೆಟ್ಟಿಗೆಗಳನ್ನು ತುಂಬಿ, ಟೇಪು ಸುತ್ತಿ, ಹೊರಗೆ ಕಾಯುತ್ತಿದ್ದ ಲಾರಿಗೆ ಸಾಗಿಸತೊಡಗಿದ್ದರು. ಅರ್ಧಕ್ಕಿಂತ ಹೆಚ್ಚು ಹೋಗಿಯಾಗಿತ್ತು. ಈಗ, ಕೋಲನ್ನು ಎತ್ತಿಡುವ ಮುಂಚೆ, ನಿಯಮದ ಪ್ರಕಾರ ಕೊನೆಯ ಸಲ ನೋಡೋಣವೆಂದು ಅದನ್ನು ಪರೀಕ್ಷೆಯ ಕಾರ್ಡಿನ ಮೇಲೆ ಹಿಡಿದಳು. ಆ ಪ್ಲಾಸ್ಟಿಕ್ ಕಾರ್ಡಿನ ನಡುವೆ ಸೂಜಿಯ ಚೂರೊಂದನ್ನು ಹುದುಗಿಸಿದ್ದಾರೆ; ಕೋಲು ಹತ್ತಿರ ಬಂದರೆ ಕಿರುಚಲೇಬೇಕು. ಕಿರುಚಲಿಲ್ಲ. ಇನ್ನೊಮ್ಮೆ ಹಿಡಿದಳು. ಒತ್ತಿ ಹಿಡಿದಳು. ಹಸಿರು ದೀಪ ಉರಿಯುತ್ತಲೇ ಇತ್ತು, ಕೋಲು ಮಾತ್ರ ಸೊಲ್ಲೆತ್ತಲಿಲ್ಲ.

ಇಷ್ಟು ಹೊತ್ತು ನಾನು ತಡವಿದ್ದು ಕಿವುಡು ಕೋಲಿನಿಂದಲೇ ಎಂದು ಅವಳಿಗೆ ಆಗ ಹೊಳೆಯಿತು. ಎಲ್ಲಿ ತಪ್ಪಿತು ಎಂದು ಹುಡುಕಬೇಕಾಗಲಿಲ್ಲ, ಒಳಗೆಲ್ಲೋ ಅದು ಆಗಲೇ ಗೊತ್ತಿತ್ತು. ಈ ಯಂತ್ರವನ್ನು ಮಾರಲು ಬಂದಿದ್ದ ಟೈ ಕಟ್ಟಿದವನು ಅವಳನ್ನು ಎದುರು ನಿಲ್ಲಿಸಿಕೊಂಡು, ಎಳೆಮಗುವಿಗೆ ಅನ್ನ ತಿನ್ನಿಸುವವನ ತಾಳ್ಮೆಯಿಂದ ಹೇಳಿಕೊಟ್ಟಿದ್ದ: "ಸ್ವಿಚ್ ಒತ್ತೋವಾಗ ಇದರ ಹತ್ರ ಏನಿರುತ್ತೋ ಅದನ್ನ ಇದು ಆಮೇಲೆ ಲೆಕ್ಕಕ್ಕೆ ತಗೊಳ್ಳಲ್ಲಮ್ಮ. ಅದಕ್ಕೇ ಯಾವಾಗ್ಲೂ ಖಾಲಿ ಗಾಳೀಲಿ ಎತ್ತಿ ಹಿಡ್ದು ಒತ್ತಿ. ಕಬ್ಬಿಣದ ಪಕ್ಕ ಒತ್ತಿದ್ರೋ, ಕಬ್ಬಿಣಾನೇ ಗಾಳಿ ಅಂದ್ಕೊಂಡು ಸುಮ್ನೆ ಕೂತ್ಬಿಡುತ್ತೆ." ಹಾಗೆಂದೇ ತಪಾಸಣೆಯ ಮೇಜಿಗೆ ಒಂದು ಮೊಳೆಯನ್ನೂ ಹೊಡೆದಿಲ್ಲ, ಮರಕ್ಕೆ ಮರದ್ದೇ ಬೆಣೆ. ಇವತ್ತು ಅವಳು ಸ್ವಿಚ್ ಒತ್ತಿದ್ದು ಅದೇ ಲೈನಿನಲ್ಲಿ ಹೊಲಿಯುವ ನಾದಿನಿಯ ಮೆಷಿನ್ನಿನ ಮೇಲೆ ಮೊಣಕೈ ಊರಿಕೊಂಡು. ಕೋಲಿನ ಕಡೆ ನೋಡುವ ಬದಲು ನಾದಿನಿಯ ಮುಖ ನೋಡುತ್ತಿದ್ದಳು. ಆ ಮುಖದಲ್ಲಿ ಏನೋ ಇತ್ತು, ಭಯವಲ್ಲ, ಭಯವನ್ನು ನುಂಗಿ ನೀರು ಕುಡಿದವರ ಒಂದು ಸುಮ್ಮನಿರುವಿಕೆ. ಅದೇನೆಂದು ಯೋಚಿಸುತ್ತ ಯೋಚಿಸುತ್ತ ಬೆರಳು ಸ್ವಿಚ್ಚನ್ನು ಒತ್ತಿಬಿಟ್ಟಿತ್ತು. ಶುರುವಿನಲ್ಲಿ ಕಾರ್ಡು ಹಿಡಿದು ನೋಡಿಕೊಳ್ಳಬೇಕಿತ್ತು. ಮ್ಯಾನೇಜರು ಅವಸರ ಮಾಡುತ್ತಿದ್ದರು, ನೋಡಿಕೊಳ್ಳಲಿಲ್ಲ.

ಸೂಜಿ ಮುರಿದದ್ದು ಚಹಾದ ಬಿಡುವು ಮುಗಿದ ಮೇಲೆ. ಅಂಗಿಯ ಕತ್ತಿನ ಹಿಂಭಾಗಕ್ಕೆ ಪುಟ್ಟ ಪಟ್ಟಿ ಹಚ್ಚುವ ಮೆಷಿನ್ನು ನಾದಿನಿಯದು. ಸೂಜಿ ಮುರಿದವಳು "ಮುರೀತು" ಎಂದು ಕೂಗಿ ಕೈ ಎತ್ತಬೇಕು. ಇಡೀ ಲೈನು ಪೆಡಲಿನಿಂದ ಕಾಲು ತೆಗೆಯಬೇಕು. ಮೆಕ್ಯಾನಿಕ್ಕು ಅಯಸ್ಕಾಂತ ತಂದು ಚೂರುಗಳನ್ನೆಲ್ಲ ಆಯ್ದು, ಬಿಳಿ ಕಾಗದದ ಮೇಲೆ ಇಡಿಯ ಸೂಜಿಯೊಂದರ ಪಕ್ಕ ಜೋಡಿಸಿ ಟೇಪು ಹಚ್ಚಬೇಕು. ಚೂರುಗಳು ಕೂಡಿ ಒಂದು ಸೂಜಿಯಾದರೆ ಕೆಲಸ ಮುಂದುವರಿಯುತ್ತದೆ, ಇಲ್ಲದಿದ್ದರೆ ಆ ಮೆಷಿನ್ನಿನಿಂದ ಬಂದ ಬಟ್ಟೆಯೆಲ್ಲ ಕೋಲಿನ ಕೆಳಗೆ. ಇವತ್ತು ಮೊನೆ ಸಿಕ್ಕಿರಲಿಲ್ಲ, ಅರ್ಧ ಅಕ್ಕಿಕಾಳಿನಷ್ಟು ಮೊನೆ. ಸೂಜಿ ಬಿದ್ದರೂ ಕೇಳಿಸುವಷ್ಟು ನಿಶ್ಶಬ್ದ ಎಂದು ಹೇಳುವವರಿದ್ದಾರಲ್ಲ, ಅವರು ಯಾರೂ ಗಾರ್ಮೆಂಟ್ಸಿನಲ್ಲಿ ದುಡಿದವರಲ್ಲ. ಎಲ್ಲರೂ ಉಸಿರು ಬಿಗಿಹಿಡಿದು ಕೂತರೂ ಬಿದ್ದ ಸೂಜಿ ಎಲ್ಲಿ ಬಿತ್ತೆಂದು ಹೇಳುವುದಿಲ್ಲ. ಅದು ಕತ್ತಿನ ಪಟ್ಟಿಯ ಮಡಿಕೆಯಲ್ಲಿ ಕೂತಿದ್ದರೆ, ಎಲ್ಲೋ ಯಾವುದೋ ತಾಯಿ ಮಗುವಿಗೆ ಸ್ನಾನ ಮಾಡಿಸಿ, ಒರೆಸಿ, ಆ ಅಂಗಿಯನ್ನು ತಲೆಯಿಂದಿಳಿಸಿ ಎತ್ತಿಕೊಳ್ಳುತ್ತಾಳೆ. ಮಗು ಅಳುತ್ತದೆ. ಹಸಿವೆಯೆಂದು ತಾಯಿ ಇನ್ನಷ್ಟು ಅವುಚಿಕೊಳ್ಳುತ್ತಾಳೆ. ಕೋಲು ಹಿಡಿದವಳು ಕಣ್ಣು ಮುಚ್ಚಿಕೊಂಡಳು.

ಸುಮ್ಮನಿದ್ದುಬಿಡಬಹುದಿತ್ತು. ಯಾರಿಗೂ ಗೊತ್ತಿಲ್ಲ, ಕೋಲಿಗೂ ಅವಳಿಗೂ ಬಿಟ್ಟರೆ. ಮೊನೆ ನೆಲದ ಬಿರುಕಿಗೆ ಬಿದ್ದಿರಬಹುದು, ಯಾರದೋ ಚಪ್ಪಲಿಗೆ ಅಂಟಿ ಹೋಗಿರಬಹುದು. ಹೋದ ತಿಂಗಳೂ ಹಾಗೇ ಆಗಿತ್ತಲ್ಲ. ನಾದಿನಿ ಆಗ ತೋಳು ಹಚ್ಚುವ ದಪ್ಪ ಸೂಜಿಯ ಮೆಷಿನ್ನಿನಲ್ಲಿದ್ದಳು. ಅಲ್ಲೂ ಮೊನೆ ಸಿಗಲಿಲ್ಲ. ಆವತ್ತು ಕೋಲು ನೆಟ್ಟಗೇ ಇತ್ತು, ಬಟ್ಟೆಯಲ್ಲಿ ಏನೂ ಇಲ್ಲವೆಂದಿತು. ನೆಲಕ್ಕೆ ಬಿತ್ತೆಂದು ಎಲ್ಲರೂ ಮನೆಗೆ ಹೋದರು. ಈ ಕೆಲಸಕ್ಕೆ ನಾದಿನಿಯನ್ನು ಸೇರಿಸಿದ್ದು ಅವಳೇ. ಗಂಡನ ಮನೆಯಿಂದ ಒಂದು ಚೀಲ ಹಿಡಿದು ಬಂದು ಬಾಗಿಲಲ್ಲಿ ನಿಂತವಳನ್ನು "ಬಾ ಪುಟ್ಟಿ" ಎಂದು ಒಳಗೆ ಕರೆದದ್ದೂ ಅವಳೇ. ಅಣ್ಣನಾದವನು ಏನು ಹೇಳಲೂ ತೋಚದೆ ಚೀಲವನ್ನೇ ನೋಡುತ್ತಿದ್ದ. ಕೋಲು ಹೊಸದಾಗಿ ಬಂದಾಗ ಅಭ್ಯಾಸ ಮಾಡಿಕೊಳ್ಳಲು ಇವಳು ಮನೆಯಲ್ಲಿ ಸೌಟು ಹಿಡಿದಿದ್ದಳು. ಪುಟ್ಟಿ ಕೈಗಳೆರಡನ್ನೂ ಚಾಚಿ ನಿಂತು, ಸೌಟು ತನ್ನ ಹೇರ್‌ಪಿನ್ನಿನ ಹತ್ತಿರ ಬಂದಾಗ ಬಾಯಲ್ಲೇ "ಕುಂಯ್ಯೋ" ಎಂದು ಕೂಗಿ, "ಕಳ್ಳಿ ಸಿಕ್ಕಿಬಿದ್ಲು ಅತ್ತಿಗೆ, ಹಿಡ್ಕೊಳ್ಳಿ" ಎಂದು ನೆಲಕ್ಕೆ ಕುಸಿದು ನಕ್ಕಿದ್ದಳು. ಆ ನಗು ಎರಡು ಕೋಣೆಯ ಮನೆಯಲ್ಲಿ ಯಾವಾಗ ಸವೆಯಿತೋ. ಬಚ್ಚಲಿನ ಬಾಗಿಲು ಯಾವಾಗಲೂ ಮುಚ್ಚಿರುತ್ತಿತ್ತು. ಗಂಡನ ಜೊತೆ ಪಿಸುಮಾತಿನಲ್ಲೇ ಜಗಳವಾಡಬೇಕಿತ್ತು, ಪಿಸುಮಾತಿನಲ್ಲೇ ರಾಜಿಯಾಗಬೇಕಿತ್ತು. ಪುಟ್ಟಿ ಕೆಟ್ಟವಳಲ್ಲ, ಕೆಟ್ಟವಳಾಗಿದ್ದರೆ ಸುಲಭವಿತ್ತು. ಮುಂದಿನ ತಿಂಗಳಿಂದ ಇರಲೆಂದು ಅವಳು ಬಾಡಿಗೆ ರೂಮೊಂದನ್ನು ನೋಡಿಟ್ಟಿದ್ದಾಳೆ ಎಂದು ಕೇಳಿದ ದಿನ ಇವಳು "ಯಾಕೇ, ಇಲ್ಲೇನು ಕಡಿಮೆ ಆಗಿದೆ ನಿಂಗೆ" ಎಂದಳು, ಆಮೇಲೆ ಅಡುಗೆಮನೆಗೆ ಹೋಗಿ ತನ್ನಷ್ಟಕ್ಕೆ ಹಾಡು ಗುನುಗಿಕೊಂಡಳು.

"ಸರ್, ಇನ್ನೊಂದ್ಸಲ ನೋಡ್ಬೇಕು." ಮಾತು ಬಾಯಿಂದ ಬಿದ್ದ ಮೇಲೆಯೇ ತಾನು ಆಡಿದೆನೆಂದು ಅವಳಿಗೆ ತಿಳಿದದ್ದು.

ಮ್ಯಾನೇಜರು ಗಡಿಯಾರ ನೋಡಿದರು, ಆಮೇಲೆ ಅವಳನ್ನು. "ಏನಮ್ಮ? ಈಗ ತಾನೆ ಇಲ್ಲ ಅಂದ್ಯಲ್ಲ."

"ಬ್ಯಾಟರಿ ಇಳ್ದಿತ್ತು ಸರ್. ಕಾರ್ಡ್ ಹಿಡಿದ್ರೆ ಕೂಗ್ತಿಲ್ಲ." ಬ್ಯಾಟರಿಯ ತಲೆಯ ಮೇಲೆ ಹಾಕಿಬಿಟ್ಟಳು. ತಪ್ಪು ಒಪ್ಪಿಕೊಳ್ಳಲು ಹೊರಟವಳು ಒಪ್ಪಿಕೊಳ್ಳುವಾಗಲೂ ಒಂದು ಚೂರನ್ನು ಬಚ್ಚಿಟ್ಟುಕೊಂಡಳು, ಅದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಎಷ್ಟು ಪೆಟ್ಟಿಗೆ ಲಾರಿಗೆ ಹೋಗಿವೆ ಗೊತ್ತಾ ನಿಂಗೆ? ಬೇಲಿ ಎದ್ದು ಹೊಲ ಮೇಯ್ತು ಅಂದ್ರೆ ಇದೇ ನೋಡು. ಕಾಯೋಕೆ ಅಂತ ನಿನ್ನ ಇಟ್ಟಿರೋದು." ಇಡೀ ಲೈನಿಗೆ ಕೇಳುವ ಹಾಗೆ ಅಂದರು. ಆಮೇಲೆ ದನಿ ತಗ್ಗಿಸಿದರು, ತಗ್ಗಿದ ದನಿಯೇ ಹೆಚ್ಚು ಚುಚ್ಚಿತು. "ಮೇಜಿನ ಮೇಲೆ ಉಳಿದಿರೋದನ್ನ ಮೊದ್ಲು ನೋಡು. ಸಿಕ್ತೋ, ಲಾರಿ ಹೋಗ್ಲಿ. ಸಿಗ್ಲಿಲ್ಲವೋ, ಲಾರಿ ಇಳಿಸೋಕ್ಮುಂಚೆ ಇವರನ್ನೆಲ್ಲ ಸಾಲಾಗಿ ನಿಲ್ಲಿಸ್ತೀನಿ. ತಲೆ, ಮೈ, ಕೈ, ಎಲ್ಲಾ ತಡವು. ಆಮೇಲೆ ಒಂದೊಂದೇ ಪೆಟ್ಟಿಗೆ ಬಿಚ್ಚೋಣ. ಯಾರೂ ಮನೆ ಕಡೆ ಮುಖ ಹಾಕೋ ಹಾಗಿಲ್ಲ."

ಹೆಂಗಸರ ಗೊಣಗಾಟ ಸಾಲಿನ ಈ ತುದಿಯಿಂದ ಆ ತುದಿಗೆ ಹರಿಯಿತು. ಕಾಜಾ ಹೊಲಿಯುವ ವಯಸ್ಸಾದವಳು, ಎಲ್ಲರೂ ಕಾಜಾದಮ್ಮ ಅನ್ನುವವಳು, ಕನ್ನಡಕ ತೆಗೆದು ಒರೆಸುತ್ತ, "ಕೋಲಕ್ಕಾ, ನಿನ್ನ ಕೋಲಿಗೆ ಹೊಟ್ಟೆ ಹಸ್ದಿದ್ರೆ ಮೊದ್ಲೇ ಹೇಳ್ಬಾರ್ದಿತ್ತೇನೆ, ನನ್ನ ಡಬ್ಬೀಲಿ ಉಳ್ದಿತ್ತು" ಎಂದಳು. ನಕ್ಕರು. ಅವಳೂ ನಗಲು ನೋಡಿದಳು, ತುಟಿ ಒಣಗಿ ಹಲ್ಲಿಗೆ ಅಂಟಿಕೊಂಡಿತ್ತು. ಹೊಸ ಬ್ಯಾಟರಿ ಹಾಕಿದಳು, ಹಾಕಬೇಕಾದ್ದೇನೂ ಇರಲಿಲ್ಲ, ಹೇಳಿದ ಸುಳ್ಳಿಗಾಗಿ ಹಾಕಿದಳು. ಮುಚ್ಚಳ ಸರಿಸಿ ಕೂರಿಸಿ, ಮೆಷಿನ್ನುಗಳಿಂದ ದೂರ, ಓಡಾಡುವ ಜಾಗದ ನಟ್ಟನಡುವೆ ಹೋಗಿ ನಿಂತು, ಕೋಲನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು ಸ್ವಿಚ್ ಒತ್ತಿದಳು. ಹಸಿರು ದೀಪ ಮಿಣುಕಿ, ಮಿಣುಕಿ, ನಿಂತಿತು. ಕಾರ್ಡು ಹಿಡಿದಳು. ಕಿರುಚಿತು. ಪುಟ್ಟ ಸ್ಕ್ರೂಡ್ರೈವರಿನಿಂದ ಹಿಡಿಕೆಯ ತಳದ ತಿರುಪನ್ನು ಇನ್ನೂ ಒಂದಿಷ್ಟು ತಿರುಗಿಸಿ ಸೂಕ್ಷ್ಮ ಮಾಡಿದಳು. ಈಗ ಅದು ಅವಳ ಅಂಗಿಯ ಲೋಹದ ಗುಂಡಿಗೂ ಸಿಡುಕುತ್ತಿತ್ತು. ಗುಂಡಿಯಿಂದ ದೂರ ಹಿಡಿದು ಮೇಜಿಗೆ ಬಂದಳು.

ಬಟ್ಟೆ ಬಿಡಿಸಿಕೊಡಲು ನಾದಿನಿ ಎದುರು ನಿಂತಿದ್ದಳು, ಸೂಜಿ ಮುರಿದವಳೇ ನಿಲ್ಲಬೇಕೆಂಬುದು ಅಲ್ಲಿನ ರೂಢಿ. ಎಡಗೈಯಿಂದ ಒಂದೊಂದೇ ಅಂಗಿಯನ್ನು ತಳ್ಳುತ್ತಿದ್ದಳು, ಬಲಗೈ ಮೇಲಂಗಿಯ ಜೇಬಿನಲ್ಲಿತ್ತು. ಕೋಲು ಒಂದು ತೋಳಿನ ಮೇಲೆ ಕೂಗಿತು. ನೋಡಿದರೆ ಅಡಿಯಲ್ಲಿ ದಾರ ಕತ್ತರಿಸುವ ಕತ್ತರಿ. ಮತ್ತೆ ಮೌನ. ಬಿಳಿ ಅಂಗಿ, ಹಳದಿ ಅಂಗಿ, ಕತ್ತಿನ ಪಟ್ಟಿ, ಕತ್ತಿನ ಪಟ್ಟಿ. ಪ್ರತಿಯೊಂದು ಪಟ್ಟಿಯ ಮೇಲೂ ಕೂಗಲಿ, ಕೂಗಿ ಮುಗಿದುಹೋಗಲಿ ಎಂದೂ ಅನ್ನಿಸುತ್ತಿತ್ತು, ಕೂಗದಿರಲಿ ಎಂದೂ. ರಾಶಿ ಓರೆಯಾಗಿ ಜಾರಿತು. ನಾದಿನಿ ಮರೆತು ಬಲಗೈ ಚಾಚಿ ಹಿಡಿದಳು. ಕೋಲು ಕಿರುಚಿತು. ಇವಳು ಆ ಅಂಗಿಯನ್ನು ಎಳೆದುಕೊಂಡು ತಡವಿದಳು, ಏನಿಲ್ಲ. ತಲೆಯೆತ್ತದೆ, ಬಟ್ಟೆಯ ಮರೆಯಲ್ಲಿ, ಕೋಲನ್ನು ನಾದಿನಿಯ ಕೈಯ ಕಡೆ ಒಂದು ಗೇಣು ಸರಿಸಿದಳು. ಹೆಬ್ಬೆರಳಿನ ಮೇಲೆ ಅದು ಕುಯ್ಯೋ ಎಂದಿತು. ತಟ್ಟನೆ ಸ್ವಿಚ್ ಆರಿಸಿದಳು. ಉಗುರುಗಳಿಗೆ ಬಣ್ಣವಿಲ್ಲ, ಬೆರಳಿಗೆ ಉಂಗುರವಿಲ್ಲ, ಇಲ್ಲಿ ಒಳಗೆ ಬರುವವರು ಬಳೆಯನ್ನೂ ಬಾಗಿಲಲ್ಲೇ ಬಿಚ್ಚಿಟ್ಟು ಬರುತ್ತಾರೆ.

"ಇನ್ನೊಂದು ಕತ್ರಿ" ಎಂದಳು ಜೋರಾಗಿ, ಯಾರೂ ಕೇಳದಿದ್ದರೂ. ನಂತರ ಮಿಕ್ಕ ಅಂಗಿಗಳನ್ನು ತರುವ ನೆಪದಲ್ಲಿ ನಾದಿನಿಯನ್ನು ಬಟ್ಟೆಯ ಥಾನುಗಳ ಹಿಂದಕ್ಕೆ ಕರೆದೊಯ್ದಳು. "ತೋರ್ಸು."

ನಾದಿನಿ ತೋರಿಸಿದಳು. ಹೆಬ್ಬೆರಳಿನ ಮೆತ್ತನೆಯ ಭಾಗ ಊದಿತ್ತು. ನಡುವೆ ಒಂದು ಚುಕ್ಕೆ, ಅದರ ಸುತ್ತ ನೇರಳೆಗಟ್ಟಿದ ಚರ್ಮ.

"ಇವತ್ತು ಹೋಗಿದ್ದು ಅತ್ತಿಗೆ. ಮುರಿಯೋವಾಗ ಒಳಗೆ ಹೋಯ್ತು, ನಂಗೆ ಗೊತ್ತಾಯ್ತು. ಬಟ್ಟೇಲಿ ಏನಿಲ್ಲ, ಆಣೆಗೂ ಏನಿಲ್ಲ. ಮೇಜಿನ ಕೆಳಗೆ ಸಿಕ್ತು ಅಂತ ಏನಾದ್ರೂ ಹೇಳಿ. ಲಾರಿ ಹೋಗ್ಲಿ. ಮನೆಗೆ ಹೋಗ್ತಾ ಡಾಕ್ಟರ್ ಹತ್ರ ತೆಗೆಸ್ಕೋತೀನಿ."

"ಇದು ಇವತ್ತಿನ ಬಾವಲ್ಲ ಪುಟ್ಟಿ."

"ಇವತ್ತಿಂದೇ."

"ಹೋದ ತಿಂಗಳಿಂದು ಎಲ್ಲಿ ಹೋಯ್ತು ಹಾಗಾದ್ರೆ?"

ನಾದಿನಿಯ ಕಣ್ಣು ಒಂದು ಕ್ಷಣ ಬೇರೆಲ್ಲೋ ಹೋಗಿ ಬಂತು. "ಅದು ನೆಲಕ್ಕೆ ಬಿತ್ತು. ಎಲ್ರೂ ಹೇಳ್ಲಿಲ್ವಾ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಹೆಬ್ಬೆರಳು ಅಷ್ಟರಲ್ಲಿ ಮುಷ್ಟಿಯೊಳಗೆ ಅಡಗಿತ್ತು. ಬೆರಳಿಗೆ ಸೂಜಿ ಚುಚ್ಚಿಸಿಕೊಂಡವಳನ್ನು ಆ ಲೈನಿನಲ್ಲಿ ಮೆಷಿನ್ನಿನಿಂದ ಎಬ್ಬಿಸಿ ದಾರ ಕತ್ತರಿಸಲು ಕೂರಿಸುತ್ತಾರೆ, ಕೈ ಹದ್ದುಬಸ್ತಿನಲ್ಲಿಲ್ಲದವಳೆಂದು. ಅಲ್ಲಿನ ಸಂಬಳದಲ್ಲಿ ಒಬ್ಬಳೇ ರೂಮು ಹಿಡಿದು ಬದುಕಲಾಗುವುದಿಲ್ಲ. ಪುಟ್ಟಿ ಹೋದ ತಿಂಗಳು ಬಚ್ಚಿಟ್ಟಿದ್ದಾಳೆ, ಅದು ಸ್ಪಷ್ಟವಿತ್ತು. ಕೋಲು ಕೂಗಿದ್ದು ಅದಕ್ಕೇ ಆಗಿದ್ದರೆ? ಆಗ ಇವತ್ತಿನ ಮೊನೆ ಲಾರಿಯೊಳಗೆ, ಯಾವುದೋ ಪೆಟ್ಟಿಗೆಯಲ್ಲಿ, ಯಾವುದೋ ಕತ್ತಿನ ಪಟ್ಟಿಯಲ್ಲಿದೆ. ಕೋಲು ಇದೆ ಎಂದಷ್ಟೇ ಹೇಳುತ್ತದೆ, ಯಾವತ್ತಿನದೆಂದು ಹೇಳುವುದಿಲ್ಲ.

"ಮೆಷಿನ್ ಹೋದ್ರೆ ರೂಮೂ ಹೋಯ್ತು ಅತ್ತಿಗೆ" ಎಂದಳು ನಾದಿನಿ ಮೆಲ್ಲಗೆ. "ನಾನು ಹೋಗ್ಬೇಕು ಅಂತ ತಾನೆ ನಿಮ್ಗೂ ಇರೋದು."

"ಯಾರು ಹೇಳಿದ್ದು ಹಾಗಂತ?"

"ಗೋಡೆ ತೆಳ್ಳಗಿದೆ ಅತ್ತಿಗೆ."

ಅವಳ ಮುಖಕ್ಕೆ ರಕ್ತ ನುಗ್ಗಿತು. ಎಷ್ಟು ಕೇಳಿಸಿರಬಹುದು? ನಿಮ್ಮ ತಂಗಿ ಇನ್ನೆಷ್ಟು ದಿನ ಎಂದದ್ದೇ, ಕೂತರೂ ಅವಳು ನಿಂತರೂ ಅವಳು ಎಂದದ್ದೇ, ಅಥವಾ ಅದಕ್ಕೂ ಮುಂದಿನದು, ಗಂಡ ಬಾಯಿ ಮುಚ್ಚು ಎಂದು ಗದರುವವರೆಗೂ ಹೋದದ್ದೇ? ಎಲ್ಲ ಕೇಳಿಸಿಕೊಂಡು ಬೆಳಗ್ಗೆ ಎದ್ದು ಚಹಾ ಮಾಡಿ ಲೋಟ ಚಾಚುತ್ತಿದ್ದಳಲ್ಲ ಇವಳು. ಸುಮ್ಮನಿದ್ದರೆ ಈಗ ಎಲ್ಲರಿಗೂ ಒಳ್ಳೆಯದು. ಲಾರಿ ಹೋಗುತ್ತದೆ, ಪುಟ್ಟಿ ರೂಮಿಗೆ ಹೋಗುತ್ತಾಳೆ, ಬಚ್ಚಲಿನ ಬಾಗಿಲು ತೆರೆದಿರುತ್ತದೆ. ತನಗೆ ಬೇಕಾದ್ದನ್ನೇ ಒಂದು ಉಪಕಾರದ ಹಾಗೆ ಮಾಡಬಹುದು. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಯಾವುದೋ ಮಗುವಿನ ಕತ್ತಿನ ಭಯ ಅವಳೊಳಗೆ ಇದ್ದದ್ದು ನಿಜ, ಆದರೆ ಅದರ ಬೆನ್ನಿಗೇ ಸಿಕ್ಕಿಬಿದ್ದವಳ ಸಿಟ್ಟೂ ಇತ್ತು. ನೀನು ಹೋಗಲೆಂದು ನಾನೇನೂ ಹಂಬಲಿಸುತ್ತಿಲ್ಲ, ತಗೋ, ಇಲ್ಲೇ ಇರು ಎನ್ನುವ ಸಿಟ್ಟು. ಎರಡರಲ್ಲಿ ಯಾವುದು ಅವಳ ಕಾಲುಗಳನ್ನು ಥಾನುಗಳ ಮರೆಯಿಂದ ಆಚೆಗೆ ನಡೆಸಿತೋ ಅವಳಿಗೂ ಗೊತ್ತಿಲ್ಲ. "ಅತ್ತಿಗೆ" ಎಂದು ನಾದಿನಿ ಹಿಂದಿನಿಂದ ಒಂದೇ ಸಲ ಕರೆದಳು.

"ಮೇಜಿನ ಮೇಲೆ ಇಲ್ಲ ಸರ್. ಲಾರಿ ನಿಲ್ಲಿಸಿ."

ಮ್ಯಾನೇಜರು ಏನೇನೋ ಅಂದರು. ಹೆಂಗಸರು ಎದ್ದು ಸಾಲಾಗಿ ನಿಂತರು, ಬಸ್ಸು ತಪ್ಪುವ ಮಾತು, ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟುಬಂದ ಮಾತು, ಇವಳ ವಂಶದ ಮಾತು, ಎಲ್ಲ ಇವಳ ಕಿವಿಯ ಮೇಲೇ ಬೀಳುವಷ್ಟು ಮೆಲ್ಲಗೆ. ಅವಳು ಮತ್ತೆ ನಡುವೆ ನಿಂತು ಕೋಲನ್ನು ಮೇಲಕ್ಕೆತ್ತಿದಳು. ಸ್ವಿಚ್ ಒತ್ತಿದಳು. ಮೊದಲು ನಿಂತವಳು ಕಾಜಾದಮ್ಮ. ಮುದುಕಿಯ ತೋಳು, ಕಂಕುಳು, ಜೋತ ಹೊಟ್ಟೆ, ಇಷ್ಟು ವರ್ಷ ಜೊತೆಯಲ್ಲಿ ಉಂಡವಳ ಮೈಯನ್ನು ಕಳ್ಳರ ಮೈ ತಡವುವಂತೆ ತಡವಬೇಕಾಯಿತು. ಕನ್ನಡಕಕ್ಕೆ ಕೋಲು ಕೂಗಿದಾಗ ಕಾಜಾದಮ್ಮ ತಮಾಷೆ ಮಾಡಲಿಲ್ಲ, ಕನ್ನಡಕ ಬಿಚ್ಚಿ ಕೊಟ್ಟು ಎಲ್ಲಿಯೋ ನೋಡುತ್ತ ನಿಂತಳು. ಅವಳಾದ ಮೇಲೆ ಇನ್ನೊಬ್ಬಳು ಬರುವಷ್ಟರಲ್ಲಿ ಸಾಲಿನ ಕೊನೆಯಿಂದ ನಾದಿನಿ ಎಲ್ಲರನ್ನೂ ದಾಟಿ ಮುಂದೆ ಬಂದಳು. ಬಂದು, ಬಲಗೈಯನ್ನು ಜೇಬಿನಿಂದ ತೆಗೆದು, ಕೋಲಿನ ಮುಂದೆ ಚಾಚಿದಳು. "ಇವರನ್ನೆಲ್ಲ ಯಾಕೆ ನಿಲ್ಲಿಸ್ತೀರಿ ಅತ್ತಿಗೆ. ಇಲ್ಲಿದೆ, ಹಿಡೀರಿ." ಕೋಲು ಇಡೀ ಹಾಲಿಗೆ ಕೇಳುವ ಹಾಗೆ ಕಿರುಚಿತು.

ಎಲ್ಲರಿಗಿಂತ ಹೆಚ್ಚು ಹಗುರಾದವರು ಮ್ಯಾನೇಜರು. "ಅಲ್ಲಿ ಕೂತಿತ್ತಾ! ಬೆರಳಲ್ಲಿ ಇಟ್ಕೊಂಡು ಊರೆಲ್ಲ ಹುಡುಕ್ಸಿದ್ಯಲ್ಲೇ ತಾಯಿ. ಆಯ್ತು, ನಾಳೆಯಿಂದ ದಾರದ ಕಡೆ ಹೋಗು. ಯಾರಲ್ಲಿ, ಲಾರಿ ಬಿಡಿ." ಅಲ್ಲಿಗೆ ಮುಗಿಯಬಹುದಿತ್ತು. ಪುಟ್ಟಿಗೆ ಮೆಷಿನ್ನು ಹೋಯಿತು, ಕೆಲಸ ಉಳಿಯಿತು. ಹೆಂಗಸರು ಆಗಲೇ ಚೀಲಗಳನ್ನು ಎತ್ತಿಕೊಳ್ಳುತ್ತಿದ್ದರು. ಹೊರಗೆ ಲಾರಿಯ ಎಂಜಿನ್ನು ಶುರುವಾದದ್ದು ಕೇಳಿಸಿತು. ಈಗ ಮಾತಾಡಿದರೆ ಪುಟ್ಟಿ ಒಂದಲ್ಲ ಎರಡು ಸಲ ಸುಳ್ಳು ಹೇಳಿದವಳಾಗುತ್ತಾಳೆ, ಅಂಥವರನ್ನು ಇಟ್ಟುಕೊಳ್ಳುವುದಿಲ್ಲ. ಮಾತಾಡದಿದ್ದರೆ ಆ ಎಂಜಿನ್ನಿನ ಸದ್ದು ದೂರವಾಗುತ್ತದೆ. ನಾದಿನಿ ಅವಳನ್ನೇ ನೋಡುತ್ತಿದ್ದಳು. ಬೇಡ ಎನ್ನುವ ನೋಟವಲ್ಲ ಅದು. ಇನ್ನು ಇವಳು ಏನು ಮಾಡುತ್ತಾಳೋ ನೋಡೋಣ ಎಂದು ಕಾಯುವ ನೋಟ.

"ಸರ್, ಇದು ಇವತ್ತಿಂದೇ ಅಂತ ಹೇಳೋಕಾಗಲ್ಲ. ಹೋದ ತಿಂಗಳಿಂದೂ ಆಗಿರ್ಬಹುದು. ಅದೂ ಸಿಕ್ಕಿರ್ಲಿಲ್ಲ." ತನ್ನ ದನಿ ಯಾರದೋ ದನಿಯಂತೆ ಕೇಳಿಸಿತು. "ತೆಗೆಸಿ ನೋಡೋವರ್ಗೂ ಲಾರಿ ಬಿಡ್ಬೇಡಿ."

ಚೀಲ ಎತ್ತಿಕೊಂಡವರು ಕೆಳಗಿಟ್ಟರು. ನಾದಿನಿ ಒಂದು ಸಲ ತಲೆ ಆಡಿಸಿದಳು, ಲೆಕ್ಕ ಸರಿಯಾಗಿದೆ ಎನ್ನುವವರ ಹಾಗೆ, ಆಮೇಲೆ ಮೇಲಂಗಿಯನ್ನು ಎಡಗೈಯಿಂದಲೇ ಬಿಚ್ಚಲು ಹೆಣಗಿದಳು. ಬೆನ್ನ ಹಿಂದಿನ ಗಂಟು ಬಿಡಿಸಲು ಇವಳು ಕೈ ಚಾಚಿದಾಗ ಪಕ್ಕಕ್ಕೆ ಸರಿದಳು. ಕಾಜಾದಮ್ಮ ಬಂದು ಗಂಟು ಬಿಚ್ಚಿಕೊಟ್ಟಳು.

ಮ್ಯಾನೇಜರು ಇಬ್ಬರನ್ನೂ ಜೀಪು ಹತ್ತಿಸಿ ಕಳಿಸಿದರು. ಆಸ್ಪತ್ರೆ ಎರಡು ಬೀದಿಯಾಚೆ, ಔಷಧಿ ಅಂಗಡಿಯ ಮೇಲಿನ ಮಹಡಿ. ಎಕ್ಸ್‌ರೇ ತೆಗೆಯುವ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಾಗ ಅವಳು ಬೇಡಿಕೊಂಡದ್ದು ಏನೆಂದರೆ, ಇವತ್ತಿನದು ಅಲ್ಲದಿರಲಿ. ಹಳೆಯದೇ ಆಗಿರಲಿ, ಲಾರಿಯಲ್ಲಿ ಮೊನೆ ಇರಲಿ, ಅದನ್ನು ನಾನು ಹುಡುಕಿ ತೆಗೆಯುವಂತಾಗಲಿ, ಆಗ ನಾನು ಮಾಡಿದ್ದಕ್ಕೊಂದು ಅರ್ಥ ಬರುತ್ತದೆ. ಬೇಡಿಕೊಂಡ ಮೇಲೆ ಎಂಥದನ್ನು ಬೇಡಿದೆ ಎಂದು ಹೊಳೆದು ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದಳು. ಒಂದು ಮಗುವಿನ ಕತ್ತಿಗೆ ಸೂಜಿ ಇರಲೆಂದು ಬೇಡುವಷ್ಟು ದೂರ ಬಂದಿದ್ದಳು. ಒಳಗಿಂದ ಡಾಕ್ಟರು ಕರೆದರು. ಬೆಳಕಿನ ಹಲಗೆಗೆ ಸಿಕ್ಕಿಸಿದ ಕಪ್ಪು ಹಾಳೆಯಲ್ಲಿ ಪುಟ್ಟಿಯ ಹೆಬ್ಬೆರಳಿನ ಮೂಳೆ, ಅದರ ಪಕ್ಕ ಬೆಳ್ಳನೆಯ ಗೀಟು. ಒಂದಲ್ಲ, ಎರಡು. ಒಂದು ದಪ್ಪ, ಒಂದು ಸಪೂರ, ಒಂದನ್ನೊಂದು ದಾಟಿಕೊಂಡಿದ್ದವು.

"ಎರಡಿವೆಯಲ್ಲಮ್ಮ" ಎಂದರು ಡಾಕ್ಟರು. "ಈ ದಪ್ಪಂದು ತುಂಬಾ ದಿನದ್ದು, ಸುತ್ತ ಕೀವು ಕಟ್ಟಿದೆ. ಇದನ್ನ ಇಟ್ಕೊಂಡು ದಿನಾ ಹೊಲೀತಿದ್ಯಾ? ಮನೇಲಿ ಯಾರಿಗೂ ಹೇಳ್ಲಿಲ್ವಾ?"

ಅತ್ತಿಗೆ ಎಂಬವಳು ಅಲ್ಲೇ, ಗೋಡೆಗೆ ಒರಗಿ ನಿಂತಿದ್ದಳು. ಹೋದ ವಾರ ಬಕೆಟ್ಟಿನಲ್ಲಿ ನೆನೆಸಿದ್ದ ಬಟ್ಟೆಯನ್ನು ಪುಟ್ಟಿ ಸರಿಯಾಗಿ ಹಿಂಡದೆ ಹಗ್ಗಕ್ಕೆ ಹಾಕಿದ್ದಳು; ನೀರು ಸೋರಿ ಅಂಗಳವೆಲ್ಲ ಒದ್ದೆ. "ಕೈಗೇನಾಗಿದೆ ನಿಂಗೆ, ಮೈಗಳ್ಳತನ" ಎಂದಿದ್ದಳು. ಏನಾಗಿದೆ ಎಂದು ಕೇಳಿದ್ದಳಲ್ಲ, ಆದರೆ ಉತ್ತರಕ್ಕೆ ಕಾಯದೆ ಒಳಗೆ ಹೋಗಿದ್ದಳು. ಒಂದೇ ಸೂರಿನ ಕೆಳಗೆ, ಒಂದೇ ತಟ್ಟೆಗೆ ಕೈ ಹಾಕುವಷ್ಟು ಹತ್ತಿರದಲ್ಲಿ ಒಂದು ಬೆರಳು ಕೀವುಗಟ್ಟಿತ್ತು, ಅವಳಿಗೆ ಕಾಣಲಿಲ್ಲ. ಡಾಕ್ಟರು ಮರಗಟ್ಟಿಸುವ ಸೂಜಿ ಚುಚ್ಚಿದರು, ಕೊಯ್ದರು. ಪುಟ್ಟಿ ಹಲ್ಲು ಕಚ್ಚಿ ಕಿಟಕಿಯ ಕಡೆ ನೋಡುತ್ತಿದ್ದಳು. ಎರಡು ಮೊನೆಗಳು ಗಾಜಿನ ಪುಟ್ಟ ಸೀಸೆಗೆ ಬಿದ್ದಾಗ ಸದ್ದಾಯಿತೋ ಇಲ್ಲವೋ.

ಜೀಪಿನವನು ಸೀಸೆ ತೆಗೆದುಕೊಂಡು ಹೋದ. ಸ್ವಲ್ಪ ಹೊತ್ತಿಗೆ ಮ್ಯಾನೇಜರ ಫೋನು ಬಂತು. ಸಪೂರ ಮೊನೆ ಇವತ್ತಿನ ಸೂಜಿಗೆ ಸರಿಯಾಗಿ ಕೂತಿದೆ, ಬಟ್ಟೆಯೆಲ್ಲ ಚೊಕ್ಕ, ಲಾರಿ ಹೋಯಿತು. ಆ ಹುಡುಗಿ ನಾಳೆಯಿಂದ ಬರುವುದು ಬೇಡ, ಎರಡೆರಡು ಸಲ ಬಚ್ಚಿಟ್ಟವಳನ್ನು ಇಟ್ಟುಕೊಂಡರೆ ತನ್ನ ತಲೆ ಹೋಗುತ್ತದೆ. "ನೀನು ಮಾತ್ರ ಭೇಷ್ ಕಣಮ್ಮ. ಸ್ವಂತ ನಾದಿನಿ ಅಂತಾನೂ ನೋಡ್ಲಿಲ್ಲ" ಎಂದರು, ಮೆಚ್ಚಿಕೊಂಡೇ ಅಂದರು. ಫೋನು ಇಟ್ಟ ಮೇಲೂ ಅದನ್ನು ಕಿವಿಯ ಹತ್ತಿರವೇ ಹಿಡಿದಿದ್ದಳು. ಪುಟ್ಟಿ ನಿಜ ಹೇಳಿದ್ದಳು. ಸುಳ್ಳೂ ಹೇಳಿದ್ದಳು, ಆದರೆ ಇವಳು ತಿಳಿಯಬೇಕಾಗಿದ್ದ ಒಂದನ್ನು ಮಾತ್ರ ನಿಜವೇ ಹೇಳಿದ್ದಳು. ನಂಬಿ ಸುಮ್ಮನಿದ್ದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ನಂಬಬಹುದಾಗಿತ್ತೇ? ಇನ್ನೊಂದು ಸಲ ಆ ಥಾನುಗಳ ಮರೆಯಲ್ಲಿ ನಿಲ್ಲಿಸಿದರೂ ತಾನು ಇದನ್ನೇ ಮಾಡುತ್ತಿದ್ದೆ ಎಂದು ಅವಳಿಗೆ ಅನ್ನಿಸಿತು, ಅದು ಸಮಾಧಾನ ಕೊಡಲಿಲ್ಲ.

ಪುಟ್ಟಿ ಅವಳ ಮುಖ ನೋಡಿಯೇ ತಿಳಿದುಕೊಂಡಿದ್ದಳು. ಇಬ್ಬರೂ ಮೆಟ್ಟಿಲಿಳಿದು ಬಸ್ ನಿಲ್ದಾಣದ ಕಡೆ ನಡೆದರು. ಬೀದಿಯಲ್ಲಿ ಅಂಗಡಿಗಳ ದೀಪ ಹತ್ತುತ್ತಿದ್ದವು. ದಪ್ಪ ಬ್ಯಾಂಡೇಜಿನ ಹೆಬ್ಬೆರಳನ್ನು ಪುಟ್ಟಿ ಎದೆಯ ಹತ್ತಿರ ಎತ್ತಿ ಹಿಡಿದುಕೊಂಡಿದ್ದಳು, ದಾರಿಹೋಕರು ತಾಗಿಸದಂತೆ. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅವಳು ಕೂತಳು, ಇವಳು ನಿಂತೇ ಇದ್ದಳು. ನೋವಿದೆಯಾ ಎಂದು ಕೇಳಲು ಬಾಯಿ ಬರಲಿಲ್ಲ. ಕ್ಷಮಿಸು ಎನ್ನಲು ಅದಕ್ಕಿಂತಲೂ ಬರಲಿಲ್ಲ, ಯಾವುದಕ್ಕೆಂದು ಕೇಳಿದರೆ ಹೇಳಲು ತುಂಬ ಇತ್ತು. ಬಸ್ಸು ತಿರುವಿನಲ್ಲಿ ಕಾಣಿಸಿತು.

"ಏಳು ಪುಟ್ಟಿ. ಮನೆಗೆ ಹೋಗೋಣ."

"ಯಾರ ಮನೆಗೆ ಅತ್ತಿಗೆ?"

ಕೊಂಕು ಇರಲಿಲ್ಲ ದನಿಯಲ್ಲಿ. ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಕೇಳುವಂತೆ ಕೇಳಿದ್ದಳು. ಬಸ್ಸು ಬಂದು ನಿಂತಿತು, ಹತ್ತುವವರು ಹತ್ತುತ್ತಿದ್ದರು, ಕಂಡಕ್ಟರು ಬಾಗಿಲಲ್ಲಿ ನಿಂತು ಬೇಗ ಬೇಗ ಎನ್ನುತ್ತಿದ್ದ. "ನಮ್ಮ ಮನೆಗೆ ಕಣೇ" ಎಂದಳು. ಇಷ್ಟು ದಿನದಲ್ಲಿ ಅವಳು ಆ ಮಾತನ್ನು ಮನಸಾರೆ ಅಂದದ್ದು ಇದೇ ಮೊದಲು. ನಾದಿನಿ ನಂಬಲಿಲ್ಲ. ಆದರೂ ಎದ್ದು ಬಂದು ಬಸ್ಸು ಹತ್ತಿದಳು, ಹೋಗಲು ಅವಳಿಗೆ ಬೇರೆ ಮನೆ ಇರಲಿಲ್ಲ.